ರಾಥೆನೌ ಹತ್ಯೆ ಮತ್ತು ಜರ್ಮನಿಯ ಶೋಕ: ವೈಮಾರ್ ಗಣರಾಜ್ಯದಲ್ಲಿ ರಾಜಕೀಯ ಹಿಂಸೆಗೆ ದೊರೆತ ಸಾರ್ವಜನಿಕ ಪ್ರತಿಕ್ರಿಯೆ

ನಮ್ಮ ಇತಿಹಾಸ ಬರವಣಿಗೆಯಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ವಾಕ್ಯವಿದೆ: ‘ಇಡೀ ನಾಡು ಶೋಕಸಾಗರದಲ್ಲಿ ಮುಳುಗಿತು’. ರಾಜನೊಬ್ಬ ತೀರಿಕೊಂಡಾಗ, ನಾಯಕನೊಬ್ಬ ಹತನಾದಾಗ ಪತ್ರಿಕೆಗಳೂ ಗ್ರಂಥಕಾರರೂ ಈ ವಾಕ್ಯವನ್ನು ಯಾವ ಅಳುಕೂ ಇಲ್ಲದೆ ಬಳಸುತ್ತಾರೆ. ಆದರೆ ಸಂಶೋಧಕನ ಪಾಲಿಗೆ ಇದು ಆಧಾರವಲ್ಲ, ಪ್ರಶ್ನೆ. ಇಡೀ ನಾಡು ಎಂದರೆ ಯಾರು? ಶೋಕಿಸದೆ ಮನೆಯೊಳಗೆ ಉಳಿದವರು ಎಷ್ಟು ಮಂದಿ? ಅವರು ಯಾವ ಯಾವ ಸ್ಥಾನಗಳಲ್ಲಿದ್ದರು? ನಮ್ಮ ಶಾಸನತಜ್ಞರು ವೀರಗಲ್ಲೊಂದನ್ನು ಓದುವಾಗ ಮಡಿದವನ ಹೆಸರಿನೊಂದಿಗೆ ಕಲ್ಲನ್ನು ನಿಲ್ಲಿಸಿದವನ ಹೆಸರನ್ನೂ ಹುಡುಕುತ್ತಾರೆ. ಸಾವನ್ನು ನೆನಪಾಗಿ ಮಾರ್ಪಡಿಸಿದವರು ಯಾರೆಂಬುದು ಆಗ ತಿಳಿಯುತ್ತದೆ. ಆಧುನಿಕ ಕಾಲದ ಸಾರ್ವಜನಿಕ ಶೋಕವನ್ನು ಅಭ್ಯಸಿಸುವಾಗಲೂ ಇದೇ ಎಚ್ಚರ ಅವಶ್ಯವೆಂಬುದು ಈ ಲೇಖಕನ ಅಭಿಪ್ರಾಯ.

ಪ್ರಸ್ತುತ ಲೇಖನದಲ್ಲಿ ಮೊದಲನೆಯ ಮಹಾಯುದ್ಧದ ನಂತರದ ಜರ್ಮನಿಯನ್ನು, ಅದರಲ್ಲೂ 1922ರ ಜೂನ್ 24ರಂದು ನಡೆದ ವಿದೇಶಾಂಗ ಸಚಿವ ವಾಲ್ಟರ್ ರಾಥೆನೌ ಅವರ ಹತ್ಯೆಯನ್ನು ಪರಿಶೀಲನೆಗೆ ಎತ್ತಿಕೊಳ್ಳಲಾಗಿದೆ. ಈ ಹತ್ಯೆಯ ವಿರುದ್ಧ ಜರ್ಮನಿಯ ಬೀದಿಗಳಲ್ಲಿ ಸೇರಿದಷ್ಟು ಜನ ಆ ಗಣರಾಜ್ಯದ ಹದಿನಾಲ್ಕು ವರ್ಷಗಳಲ್ಲಿ ಬೇರೆ ಯಾವ ಸಾವಿಗೂ ಸೇರಿರಲಿಲ್ಲ. ಅಷ್ಟಿದ್ದೂ ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಹಂತಕರ ಗೋರಿಗೆ ಸರ್ಕಾರಿ ಗೌರವ ಸಂದಿತು. ಈ ಎರಡು ಸಂಗತಿಗಳ ನಡುವಿನ ದಾರಿಯನ್ನು ಗುರುತಿಸುವುದು ಇಲ್ಲಿಯ ಉದ್ದೇಶ. ಜನ ಪ್ರತಿಭಟಿಸಲಿಲ್ಲ, ಆದ್ದರಿಂದ ಗಣರಾಜ್ಯ ಬಿದ್ದಿತು ಎಂಬ ಸರಳ ವಿವರಣೆ ನಿಲ್ಲುವುದಿಲ್ಲ. ಜನ ಪ್ರತಿಭಟಿಸಿದರು, ಅದೂ ಅಭೂತಪೂರ್ವ ಪ್ರಮಾಣದಲ್ಲಿ. ಆದರೆ ಬೀದಿಯಲ್ಲಿ ಅತ್ತವರು ಒಂದು ಅರ್ಧ. ಆ ಅಳುವಿನಿಂದ ಹುಟ್ಟಿದ ಕಾನೂನನ್ನು ಜಾರಿಗೊಳಿಸಬೇಕಾಗಿದ್ದ ನ್ಯಾಯಪೀಠ, ಆಡಳಿತ ಮತ್ತು ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಇನ್ನೊಂದು ಅರ್ಧಕ್ಕೆ ಸೇರಿದ್ದವು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 1918ರ ನವೆಂಬರ್ 9ರಂದು ಚಕ್ರವರ್ತಿಯ ಪದತ್ಯಾಗ ಮತ್ತು ಗಣರಾಜ್ಯದ ಘೋಷಣೆ ಒಂದೇ ದಿನ ನಡೆದವು. ಎರಡು ದಿನಗಳ ಅನಂತರ ಯುದ್ಧವಿರಾಮಕ್ಕೆ ಸಹಿಯಾಯಿತು. ಸೋಲಿನ ಹೊಣೆಯನ್ನು ಸೇನಾಪತಿಗಳ ಮೇಲೆ ಹೊರಿಸದೆ ಸಹಿ ಮಾಡಿದ ರಾಜಕಾರಣಿಗಳ ಮೇಲೆ ಹೊರಿಸುವ ‘ಬೆನ್ನಿಗೆ ಚೂರಿ’ ಎಂಬ ಕಥನ ಅಲ್ಲಿಂದಲೇ ಬೆಳೆಯಿತು. ದೇಶ ಎರಡಾಗಿದ್ದುದು ಕೇವಲ ಪಕ್ಷಗಳ ಮಟ್ಟದಲ್ಲಿ ಅಲ್ಲ. ಬಾವುಟವೂ ಎರಡಾಗಿತ್ತು: ಗಣರಾಜ್ಯದ ಕಪ್ಪು-ಕೆಂಪು-ಹೊನ್ನಿನ ಬಾವುಟ ಒಂದು ಕಡೆ, ಹಳೆಯ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪಿನದು ಇನ್ನೊಂದು ಕಡೆ. ಹೀಗಿರುವಾಗ ಸತ್ತವರನ್ನು ಹಂಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

1919ರ ಜನವರಿ 15ರಂದು ರೋಸಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಖ್ಟ್ ಬರ್ಲಿನ್ನಿನಲ್ಲಿ ಸೇನಾಧಿಕಾರಿಗಳ ಕೈಯಲ್ಲಿ ಹತರಾದರು. ಲಕ್ಸೆಂಬರ್ಗ್ ಅವರ ದೇಹವನ್ನು ಕಾಲುವೆಗೆ ಎಸೆಯಲಾಗಿತ್ತು. ಜನವರಿ 25ರ ಶವಯಾತ್ರೆಯಲ್ಲಿ ಅವರ ಪಾಲಿಗೆ ಇದ್ದುದು ಖಾಲಿ ಪೆಟ್ಟಿಗೆ. ದೇಹ ದೊರೆತು ಮಣ್ಣಾದದ್ದು ಜೂನ್ ತಿಂಗಳಿನಲ್ಲಿ. ಆ ಯಾತ್ರೆಗಳಲ್ಲಿ ನಡೆದವರು ಕಾರ್ಮಿಕರು. ಮಧ್ಯಮವರ್ಗದ ಬರ್ಲಿನ್ನು ಬಾಗಿಲು ಹಾಕಿಕೊಂಡಿತ್ತು. ಮುಂದಿನ ತಿಂಗಳು, ಫೆಬ್ರವರಿ 21ರಂದು, ಬವೇರಿಯಾದ ಪ್ರಧಾನಿ ಕುರ್ಟ್ ಐಸ್ನರ್ ಮ್ಯೂನಿಕ್ ನಗರದಲ್ಲಿ ಗುಂಡಿಗೆ ಬಲಿಯಾದರು. ಚುನಾವಣೆಯಲ್ಲಿ ಸೋತಿದ್ದ ಅವರು ರಾಜೀನಾಮೆ ಸಲ್ಲಿಸಲೆಂದೇ ಶಾಸನಸಭೆಗೆ ನಡೆದು ಹೋಗುತ್ತಿದ್ದರು. ಅವರ ಶವಯಾತ್ರೆಗೆ ಸುಮಾರು ಒಂದು ಲಕ್ಷ ಜನ ಸೇರಿದರು. ಕೊಂದವನು ಆಂಟನ್ ಆರ್ಕೊ-ವಾಲಿ ಎಂಬ ಯುವ ಕುಲೀನ.

ಆರ್ಕೊ-ವಾಲಿಯ ವಿಚಾರಣೆ 1920ರ ಜನವರಿಯಲ್ಲಿ ನಡೆಯಿತು. ಮರಣದಂಡನೆ ವಿಧಿಸಲಾಯಿತು, ಮರುದಿನವೇ ಅದನ್ನು ಜೀವಾವಧಿ ಕೋಟೆವಾಸಕ್ಕೆ ಇಳಿಸಲಾಯಿತು. 1924ರಲ್ಲಿ ಆತ ಹೊರಬಂದ. ನ್ಯಾಯಾಲಯದಲ್ಲಿಯೂ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿಯೂ ಅವನಿಗೆ ಜಯಘೋಷ ದೊರೆಯಿತು. ಶಿಕ್ಷೆಯನ್ನು ಇಳಿಸಿದ್ದು ತಪ್ಪು ಎಂದು ತರಗತಿಯಲ್ಲಿ ಹೇಳಿದ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರ ಉಪನ್ಯಾಸವನ್ನು ಬಲಪಂಥೀಯ ವಿದ್ಯಾರ್ಥಿಗಳು ಗದ್ದಲವೆಬ್ಬಿಸಿ ನಿಲ್ಲಿಸಿದರು. ವೇಬರ್ ಎಡಪಂಥೀಯರಲ್ಲ, ಐಸ್ನರ್ ಅವರ ಅಭಿಮಾನಿಯಂತೂ ಅಲ್ಲವೇ ಅಲ್ಲ. ಕಾನೂನು ಕಾನೂನಾಗಿರಬೇಕೆಂದು ಹೇಳಿದ್ದೇ ಅವರ ಅಪರಾಧವಾಗಿತ್ತು. ಆ ಮೊಕದ್ದಮೆಯ ನ್ಯಾಯಾಧೀಶ ಗೇಯೊರ್ಗ್ ನೈಟ್‌ಹಾರ್ಟ್. ಈ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ.

ಯುದ್ಧವಿರಾಮಕ್ಕೆ ಸಹಿ ಹಾಕಿದ ಮಥಿಯಾಸ್ ಎರ್ಜ್‌ಬೆರ್ಗರ್ ಅವರನ್ನು 1921ರ ಆಗಸ್ಟ್ 26ರಂದು ಕಪ್ಪು ಅರಣ್ಯದ ಬಾಡ್ ಗ್ರೀಸ್‌ಬಾಖ್ ಬಳಿ, ವಾಯುಸೇವನೆಗೆಂದು ನಡೆಯುತ್ತಿದ್ದಾಗ, ಹೈನ್ರಿಷ್ ಟಿಲ್ಲೆಸನ್ ಮತ್ತು ಹೈನ್ರಿಷ್ ಶುಲ್ಜ್ ಎಂಬ ಇಬ್ಬರು ಮಾಜಿ ಅಧಿಕಾರಿಗಳು ಕೊಂದರು. ಹಂತಕರು ಮ್ಯೂನಿಕ್ ಮಾರ್ಗವಾಗಿ ಹಂಗೇರಿಗೆ ಪಾರಾದರು. ಇವರ ಹಿಂದಿದ್ದುದು ‘ಆರ್ಗನೈಸೇಷನ್ ಕಾನ್ಸುಲ್’ ಎಂಬ ಗುಪ್ತಕೂಟ. 1920ರ ಮಾರ್ಚ್‌ನಲ್ಲಿ ಕಾಪ್ ಎಂಬವರ ಕ್ಷಿಪ್ರಕ್ರಾಂತಿಗೆ ಬಲವೊದಗಿಸಿದ ಎರ್‌ಹಾರ್ಟ್ ನೌಕಾದಳದ ಅವಶೇಷಗಳಿಂದ ಹುಟ್ಟಿದ ಕೂಟವದು. ಎರ್ಜ್‌ಬೆರ್ಗರ್ ಕ್ಯಾಥೊಲಿಕ್ ಸೆಂಟರ್ ಪಕ್ಷದವರು. ಆದ್ದರಿಂದ ಈ ಬಾರಿ ಶೋಕದ ವಲಯ ಕಾರ್ಮಿಕರಿಂದ ಕ್ಯಾಥೊಲಿಕರ ಒಂದು ಭಾಗಕ್ಕೂ ವಿಸ್ತರಿಸಿತು. ಬಿಬೆರಾಖ್‌ನಲ್ಲಿ ನಡೆದ ಅಂತ್ಯಸಂಸ್ಕಾರದಲ್ಲಿ ಚಾನ್ಸಲರ್ ಯೋಸೆಫ್ ವಿರ್ಟ್ ಮಾತನಾಡಿದರು. ಬಲಪಂಥೀಯ ಪತ್ರಿಕೆಗಳಲ್ಲಿ ಕೆಲವು ತಮ್ಮ ಸಂತೋಷವನ್ನು ಮರೆಮಾಚುವ ಗೋಜಿಗೂ ಹೋಗಲಿಲ್ಲ.

ಈ ಸರಣಿಯ ತುದಿಯಲ್ಲಿ ರಾಥೆನೌ ಬರುತ್ತಾರೆ. 1867ರಲ್ಲಿ ಹುಟ್ಟಿದ ಅವರು ಬರ್ಲಿನ್ನಿನ ದೊಡ್ಡ ವಿದ್ಯುತ್ ಕಂಪನಿಯಾದ ಎಇಜಿಯ ಸ್ಥಾಪಕರ ಮಗ. ಉದ್ಯಮಿ, ಲೇಖಕ, ಯಹೂದಿ. ಯುದ್ಧ ಆರಂಭವಾದ 1914ರಲ್ಲಿಯೇ ಕಚ್ಚಾವಸ್ತುಗಳ ಇಲಾಖೆಯನ್ನು ಸಂಘಟಿಸಿ ಜರ್ಮನ್ ಸೈನ್ಯವನ್ನು ಉಳಿಸಿದವರು ಅವರೇ. ಇಷ್ಟಾಗಿಯೂ ಅವರನ್ನು ದೇಶದ್ರೋಹಿಯೆಂದು ಕರೆಯಲು ಅಡ್ಡಿಯಾಗಲಿಲ್ಲ. 1922ರ ಫೆಬ್ರವರಿಯಲ್ಲಿ ವಿದೇಶಾಂಗ ಸಚಿವರಾದರು, ಏಪ್ರಿಲ್ 16ರಂದು ಸೋವಿಯತ್ ರಷ್ಯಾದೊಂದಿಗೆ ರಪಾಲೊ ಒಪ್ಪಂದಕ್ಕೆ ಸಹಿ ಹಾಕಿದರು. ಯುದ್ಧಪರಿಹಾರವನ್ನು ಸಾಧ್ಯವಾದಷ್ಟು ಸಲ್ಲಿಸುತ್ತಾ ಅದರ ಅಸಾಧ್ಯತೆಯನ್ನು ಮಿತ್ರರಾಷ್ಟ್ರಗಳಿಗೆ ಮನಗಾಣಿಸುವ ನೀತಿಯನ್ನು ಅವರು ವಿರ್ಟ್ ಜೊತೆ ಅನುಸರಿಸುತ್ತಿದ್ದರು. ಜೂನ್ 23ರಂದು ಜರ್ಮನ್ ರಾಷ್ಟ್ರೀಯ ಜನತಾ ಪಕ್ಷದ ಕಾರ್ಲ್ ಹೆಲ್ಫೆರಿಷ್ ಈ ನೀತಿಯ ಮೇಲೆ ಸಂಸತ್ತಿನಲ್ಲಿ, ಅಂದರೆ ರೈಖ್‌ಸ್ಟಾಗ್‌ನಲ್ಲಿ, ಉಗ್ರವಾಗಿ ಎರಗಿದರು. ಮರುದಿನ ಶನಿವಾರ. ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ ರಾಥೆನೌ ಗ್ರೂನೆವಾಲ್ಡ್ ಬಡಾವಣೆಯ ತಮ್ಮ ಮನೆಯಿಂದ ತೆರೆದ ಕಾರಿನಲ್ಲಿ ಕಚೇರಿಗೆ ಹೊರಟರು. ಕಾವಲು ಬೇಡವೆಂದು ಮೊದಲೇ ಹೇಳಿದ್ದರು. ಕ್ಯೋನಿಗ್ಸ್ ಆಲೇ ರಸ್ತೆಯ ತಿರುವಿನಲ್ಲಿ ಹಿಂದಿನಿಂದ ಬಂದ ಇನ್ನೊಂದು ಕಾರು ಪಕ್ಕಕ್ಕೆ ಸರಿಯಿತು. ಎರ್ವಿನ್ ಕೆರ್ನ್ ಗುಂಡಿನ ಮಳೆಗರೆದ, ಹೆರ್ಮನ್ ಫಿಷರ್ ಕೈಬಾಂಬ್ ಎಸೆದ, ಎರ್ನ್ಸ್ಟ್ ವೆರ್ನರ್ ಟೆಖೋ ಕಾರು ನಡೆಸುತ್ತಿದ್ದ. ಮೂವರೂ ಇಪ್ಪತ್ತರ ಹರೆಯದವರು. ಹತ್ತಿರದ ಕಟ್ಟಡದಲ್ಲಿ ಕೆಲಸಮಾಡುತ್ತಿದ್ದ ಗಾರೆಯವನೊಬ್ಬ ಕಣ್ಣಾರೆ ಕಂಡು ಹೇಳಿದ ವಿವರಣೆಯೇ ಈ ಘಟನೆಯ ಅತ್ಯಂತ ವಿಶ್ವಸನೀಯ ಆಧಾರವಾಗಿ ಉಳಿದಿದೆ.

ಸುದ್ದಿ ತಿಳಿದ ಕೂಡಲೇ ರೈಖ್‌ಸ್ಟಾಗ್‌ನಲ್ಲಿ ಹೆಲ್ಫೆರಿಷ್ ಅವರತ್ತ ‘ಕೊಲೆಗಾರ’ ಎಂಬ ಕೂಗುಗಳೆದ್ದವು. ಅವರು ಸಭೆಯಿಂದ ಹೊರನಡೆಯಬೇಕಾಯಿತು. ಜೂನ್ 25ರ ಭಾನುವಾರ ಬರ್ಲಿನ್ನಿನ ಲುಸ್ಟ್‌ಗಾರ್ಟನ್ ಮೈದಾನದಲ್ಲಿ ಲಕ್ಷಾಂತರ ಜನ ಕೂಡಿದರು. ಅದೇ ದಿನ ಚಾನ್ಸಲರ್ ವಿರ್ಟ್ ಸಂಸತ್ತಿನ ಬಲಭಾಗದ ಆಸನಗಳ ಕಡೆ ಕೈತೋರಿ, ಶತ್ರು ಇರುವುದು ಬಲಗಡೆಯಲ್ಲಿ ಎಂಬರ್ಥದ ಮಾತಿನಿಂದ ತಮ್ಮ ಭಾಷಣವನ್ನು ಮುಗಿಸಿದರು. ವಿರ್ಟ್ ಸಮಾಜವಾದಿಯಲ್ಲ, ಸೆಂಟರ್ ಪಕ್ಷದ ಕ್ಯಾಥೊಲಿಕ್. ಇದರಿಂದ ಆ ಮಾತಿಗೆ ಹೆಚ್ಚಿನ ತೂಕ ಬಂದಿತು. ಆದರೆ ಶೋಕಸಭೆಯಲ್ಲಿ ಸಂಸತ್ತಿನ ಒಂದು ಭಾಗವನ್ನೇ ಶತ್ರುವೆಂದು ಹೆಸರಿಸಬೇಕಾಗಿ ಬಂದ ಸ್ಥಿತಿ, ದೇಶ ಒಂದಾಗಿ ದುಃಖಿಸುತ್ತಿರಲಿಲ್ಲ ಎಂಬುದಕ್ಕೂ ಸಾಕ್ಷಿಯೇ ಆಗಿದೆ.

ಜೂನ್ 27ರಂದು ರೈಖ್‌ಸ್ಟಾಗ್‌ನಲ್ಲಿಯೇ ರಾಜ್ಯಗೌರವದ ವಿಧಿ ನೆರವೇರಿತು. ಗಣರಾಜ್ಯದ ಬಾವುಟ ಹೊದಿಸಿದ ಶವಪೆಟ್ಟಿಗೆ ಸಭಾಂಗಣದಲ್ಲಿತ್ತು. ರಾಷ್ಟ್ರಾಧ್ಯಕ್ಷ ಫ್ರೀಡ್ರಿಷ್ ಎಬರ್ಟ್ ಮಾತನಾಡಿದರು. ಒಂದು ಕಾಲಕ್ಕೆ ಚಕ್ರವರ್ತಿಗೆ ಮೀಸಲಾಗಿದ್ದ ಪ್ರೇಕ್ಷಕಸ್ಥಾನದಲ್ಲಿ ರಾಥೆನೌ ಅವರ ವೃದ್ಧ ತಾಯಿ ಕುಳಿತಿದ್ದರು. ರಾಥೆನೌ ಅವರ ಮಿತ್ರರೂ ಮುಂದೆ 1928ರಲ್ಲಿ ಅವರ ಜೀವನಚರಿತ್ರೆಯನ್ನು ಬರೆದವರೂ ಆದ ಹ್ಯಾರಿ ಕೆಸ್ಲರ್ ಈ ದೃಶ್ಯವನ್ನು ದಾಖಲಿಸಿದ್ದಾರೆ. ಹೊರಗೆ ಕಾರ್ಮಿಕ ಸಂಘಗಳ ಕರೆಯಂತೆ ದೇಶದಾದ್ಯಂತ ಮಧ್ಯಾಹ್ನದ ಬಳಿಕ ಕೆಲಸ ನಿಂತಿತ್ತು. ಕೆಸ್ಲರ್ ಕೊಡುವ ಅಂದಾಜಿನ ಪ್ರಕಾರ ಬರ್ಲಿನ್ನಿನಲ್ಲಿ ಹತ್ತು ಲಕ್ಷಕ್ಕೂ ಮೇಲ್ಪಟ್ಟು, ಮ್ಯೂನಿಕ್ ಮತ್ತು ಕೆಮ್‌ನಿಟ್ಸ್ ನಗರಗಳಲ್ಲಿ ತಲಾ ಒಂದೂವರೆ ಲಕ್ಷ, ಹ್ಯಾಂಬರ್ಗ್, ಬ್ರೆಸ್ಲೌ, ಎಸೆನ್ ಮೊದಲಾದೆಡೆ ತಲಾ ಒಂದು ಲಕ್ಷ ಜನ ಬೀದಿಯಲ್ಲಿ ನಡೆದರು. ಮಿತ್ರನೊಬ್ಬನ ಅಂದಾಜು ಎಂಬುದನ್ನು ಗಮನದಲ್ಲಿಟ್ಟು ಈ ಅಂಕಿಗಳಲ್ಲಿ ಒಂದಿಷ್ಟನ್ನು ಕಳೆದರೂ ಉಳಿಯುವುದು ಅಸಾಮಾನ್ಯ ಸಂಖ್ಯೆಯೇ. ಬಲಪಂಥದ ಆಶ್ರಯಸ್ಥಾನವೆನಿಸಿದ್ದ ಮ್ಯೂನಿಕ್ ನಗರವೂ ಈ ಪಟ್ಟಿಯಲ್ಲಿರುವುದು ವಿಶೇಷವಾಗಿ ಗಮನಾರ್ಹ. ಒಡಕು ಪ್ರಾಂತ್ಯಗಳ ನಡುವೆ ಮಾತ್ರ ಇರಲಿಲ್ಲ. ಒಂದೊಂದು ಊರಿನ ಒಳಗೂ, ಕಾರ್ಖಾನೆಯ ಕೇರಿಗೂ ಕಾಲೇಜಿನ ಕೇರಿಗೂ ನಡುವೆ, ಅದು ಹಾದುಹೋಗಿತ್ತು.

ಇದಕ್ಕೆ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅದೇ ದಿನ ನಡೆದ ಪ್ರಸಂಗ ಉತ್ತಮ ನಿದರ್ಶನ. ಶೋಕದಿನವಾದ್ದರಿಂದ ಸರ್ಕಾರಿ ಸಂಸ್ಥೆಗಳು ಮುಚ್ಚಿರಬೇಕು, ಬಾವುಟ ಅರ್ಧಕ್ಕೆ ಇಳಿದಿರಬೇಕು ಎಂಬ ಆದೇಶವಿತ್ತು. ಭೌತವಿಜ್ಞಾನ ಸಂಸ್ಥೆಯ ಮುಖ್ಯಸ್ಥ ಫಿಲಿಪ್ ಲೆನಾರ್ಡ್, 1905ರ ನೊಬೆಲ್ ಪುರಸ್ಕೃತರು, ಎರಡನ್ನೂ ನಿರಾಕರಿಸಿ ಎಂದಿನಂತೆ ಪ್ರಯೋಗಶಾಲೆಯನ್ನು ನಡೆಸಿದರು. ಕಾರ್ಮಿಕರೂ ಸಮಾಜವಾದಿ ವಿದ್ಯಾರ್ಥಿಗಳೂ ಗುಂಪಾಗಿ ಬಂದರು. ಅವರ ಮುಂದಾಳು ಕಾರ್ಲೊ ಮೀರೆನ್‌ಡೋರ್ಫ್ ಎಂಬ ವಿದ್ಯಾರ್ಥಿ. ಮಹಡಿಯಿಂದ ಗುಂಪಿನ ಮೇಲೆ ನೀರು ಸುರಿಯಿತು. ಗುಂಪು ಒಳನುಗ್ಗಿ ಲೆನಾರ್ಡ್ ಅವರನ್ನು ಹೊರಗೆ ಕರೆದೊಯ್ದಿತು, ಕೊನೆಗೆ ಪೊಲೀಸರ ರಕ್ಷಣೆಯಲ್ಲಿ ಅವರು ಪಾರಾದರು. ಲೆನಾರ್ಡ್ ಮುಂದೆ ಹಿಟ್ಲರನ ಬೆಂಬಲಿಗರಾಗಿ ‘ಜರ್ಮನ್ ಭೌತವಿಜ್ಞಾನ’ ಎಂಬ ಯಹೂದಿದ್ವೇಷಿ ಪಂಥದ ಮುಖ್ಯಸ್ಥರೆನಿಸಿದರು. ಮೀರೆನ್‌ಡೋರ್ಫ್ ನಾಜಿಗಳ ಸೆರೆಶಿಬಿರಗಳಲ್ಲಿ ವರ್ಷಗಳನ್ನು ಕಳೆದರು. 1922ರ ಒಂದು ಮಧ್ಯಾಹ್ನ ಇವರಿಬ್ಬರೂ ಒಂದೇ ಕಟ್ಟಡದ ಒಳಗೂ ಹೊರಗೂ ನಿಂತಿದ್ದರು.

ಹಂತಕರ ಲೆಕ್ಕಾಚಾರವೇನಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಜನರ ಪ್ರತಿಕ್ರಿಯೆಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಇತ್ತೀಚಿನ ಸಂಶೋಧನೆ ತೋರಿಸುವಂತೆ ರಾಥೆನೌ ಎಂಬ ವ್ಯಕ್ತಿಯನ್ನು ಇಲ್ಲವಾಗಿಸುವುದಷ್ಟೇ ಆರ್ಗನೈಸೇಷನ್ ಕಾನ್ಸುಲ್‌ನ ಗುರಿಯಾಗಿರಲಿಲ್ಲ. ಕೊಲೆಯಿಂದ ಕೆರಳಿದ ಕಾರ್ಮಿಕರು ದಂಗೆ ಏಳಬೇಕು, ದಂಗೆಯನ್ನು ಅಡಗಿಸಲು ಸೈನ್ಯ ಇಳಿಯಬೇಕು, ಸೈನ್ಯದ ಜೊತೆಗೆ ತಾವೂ ಅಧಿಕಾರಕ್ಕೆ ಬರಬೇಕು ಎಂಬುದು ಅವರ ಯೋಜನೆ. ಆದರೆ ಹತ್ತು ಲಕ್ಷ ಜನ ಬೀದಿಗಿಳಿದು ಸಂಜೆಗೆ ಮನೆಗೆ ಮರಳಿದರು. ಕೆಲವು ಊರುಗಳಲ್ಲಿ ಹಳೆಯ ಸಾಮ್ರಾಜ್ಯದ ಲಾಂಛನಗಳನ್ನು ಕಿತ್ತೆಸೆದದ್ದು, ಬಲಪಂಥೀಯರ ಮನೆಗಳಿಗೆ ನುಗ್ಗಿದ್ದು ಉಂಟು. ಒಟ್ಟಾರೆಯಾಗಿ ಶಿಸ್ತು ಕೆಡಲಿಲ್ಲ. ಗಣರಾಜ್ಯವನ್ನು ಕೆಡವಲೆಂದು ಹೂಡಿದ ಸಂಚು ಆ ಬೇಸಿಗೆಯಲ್ಲಿ ಅದನ್ನು ಬಲಪಡಿಸಿತು. ಜುಲೈ 17ರಂದು ಸಾಲೆಕ್ ಕೋಟೆಯಲ್ಲಿ ಪೊಲೀಸರು ಸುತ್ತುವರಿದಾಗ ಕೆರ್ನ್ ಗುಂಡಿಗೆ ಬಲಿಯಾದ, ಫಿಷರ್ ತನ್ನನ್ನು ತಾನೇ ಕೊಂದುಕೊಂಡ. ಅಕ್ಟೋಬರ್‌ನಲ್ಲಿ ಲೈಪ್‌ಜಿಗ್‌ನ ವಿಶೇಷ ನ್ಯಾಯಾಲಯ ಟೆಖೋಗೆ ಹದಿನೈದು ವರ್ಷಗಳ ಶಿಕ್ಷೆ ವಿಧಿಸಿತು. ಈ ನಡುವೆ ರಾಥೆನೌ ಅವರ ತಾಯಿ ಟೆಖೋನ ತಾಯಿಗೆ ಕ್ಷಮೆಯ ಪತ್ರವೊಂದನ್ನು ಬರೆದಿದ್ದರು. ಅಷ್ಟೂ ಗದ್ದಲದ ನಡುವೆ ಗಡಿ ದಾಟಿದ ಶೋಕ ಅದೊಂದೇ ಎನ್ನಬೇಕೇನೋ.

ಬೀದಿಗಿಳಿಯದಿದ್ದವರ ಪ್ರತಿಕ್ರಿಯೆಯನ್ನು ಅಳೆಯುವುದು ಕಷ್ಟ. ಮೌನಕ್ಕೆ ದಾಖಲೆಗಳಿರುವುದಿಲ್ಲ. ರಾಷ್ಟ್ರೀಯ ಜನತಾ ಪಕ್ಷ ಕೊಲೆಯನ್ನು ಖಂಡಿಸಿ ಹೇಳಿಕೆ ನೀಡಿತು. ಆದರೆ ಯಹೂದಿದ್ವೇಷದ ತೀವ್ರವಾದಿ ಬಣವನ್ನು ದೂರವಿಡಲು ಅದಕ್ಕೆ ತಿಂಗಳುಗಳೇ ಬೇಕಾದವು. ಆ ಬಣ ಡಿಸೆಂಬರ್‌ನಲ್ಲಿ ತನ್ನದೇ ಪಕ್ಷ ಕಟ್ಟಿಕೊಂಡಿತು. ಹಣದ ಮಾರುಕಟ್ಟೆ ಹೆಚ್ಚು ಪ್ರಾಮಾಣಿಕವಾಗಿತ್ತು. ಡಾಲರೊಂದಕ್ಕೆ ಜೂನ್ ತಿಂಗಳ ಸರಾಸರಿಯಲ್ಲಿ 317 ಇದ್ದ ಮಾರ್ಕ್ ಜುಲೈನಲ್ಲಿ 493ಕ್ಕೆ, ಆಗಸ್ಟ್‌ನಲ್ಲಿ 1,134ಕ್ಕೆ ಕುಸಿಯಿತು. ಸಚಿವನನ್ನು ಹಾಡಹಗಲೇ ಕೊಲ್ಲಬಹುದಾದ ದೇಶದ ನಾಣ್ಯವನ್ನು ಯಾರೂ ಇಟ್ಟುಕೊಳ್ಳಬಯಸಲಿಲ್ಲ. ಯುದ್ಧಪರಿಹಾರದ ಸಮಸ್ಯೆ ಅದಕ್ಕೆ ಮೂಲಕಾರಣವಾಗಿತ್ತು ಎಂಬುದೂ ನಿಜ.

ಇನ್ನು ಚುನಾವಣೆ. 1920ರಲ್ಲಿ ಶೇಕಡಾ 15ರಷ್ಟು ಮತ ಪಡೆದಿದ್ದ ರಾಷ್ಟ್ರೀಯ ಜನತಾ ಪಕ್ಷ 1924ರ ಮೇ ತಿಂಗಳಲ್ಲಿ ಶೇಕಡಾ 19.5ಕ್ಕೆ ಏರಿತು. ಹಿಟ್ಲರನ ಅನುಯಾಯಿಗಳೂ ಮೇಲೆ ಹೇಳಿದ ತೀವ್ರವಾದಿ ಬಣದವರೂ ಕೂಡಿ ನಿಂತ ಪಟ್ಟಿಗೆ 32 ಸ್ಥಾನಗಳು ದೊರೆತವು. ರಾಥೆನೌ ಅವರ ಸ್ವಂತ ಪಕ್ಷವಾದ ಜರ್ಮನ್ ಡೆಮಾಕ್ರಟಿಕ್ ಪಕ್ಷ ಶೇಕಡಾ 8.3ರಿಂದ 5.7ಕ್ಕೆ ಇಳಿಯಿತು. ಈ ನಡುವೆ 1923ರಲ್ಲಿ ರೂರ್ ಪ್ರದೇಶವನ್ನು ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ಆಕ್ರಮಿಸಿದ್ದವು, ಹಣದುಬ್ಬರ ಮಧ್ಯಮವರ್ಗದ ಉಳಿತಾಯವನ್ನೆಲ್ಲ ನುಂಗಿತ್ತು. ಆದ್ದರಿಂದ ಈ ಅಂಕಿಗಳನ್ನು ಕೊಲೆಯ ಬಗೆಗಿನ ಜನಮತವೆಂದು ನೇರವಾಗಿ ಓದಲಾಗದು. 1922ರ ಮೆರವಣಿಗೆ ಹೊಸ ಜನರನ್ನು ಗಣರಾಜ್ಯದ ಪಾಳಯಕ್ಕೆ ತರಲಿಲ್ಲ ಎಂಬಷ್ಟನ್ನು ಮಾತ್ರ ಅವು ಸೂಚಿಸುತ್ತವೆ. ಇದಕ್ಕೆ ಅಪವಾದಗಳಿವೆ. 1918ರಲ್ಲಿ ಪ್ರಜಾಪ್ರಭುತ್ವವನ್ನು ಜರ್ಮನ್ ಸಂಸ್ಕೃತಿಗೆ ಹೊರಗಿನದೆಂದು ಬಗೆದು ಗ್ರಂಥ ಬರೆದಿದ್ದ ಕಾದಂಬರಿಕಾರ ಥಾಮಸ್ ಮಾನ್ 1922ರ ಅಕ್ಟೋಬರ್ 13ರಂದು ಬರ್ಲಿನ್ನಿನಲ್ಲಿ ಗಣರಾಜ್ಯವನ್ನು ಸಮರ್ಥಿಸಿ ಉಪನ್ಯಾಸವಿತ್ತರು. ಅವರ ಮನಃಪರಿವರ್ತನೆಯಲ್ಲಿ ರಾಥೆನೌ ಹತ್ಯೆಯ ಪಾತ್ರ ದೊಡ್ಡದು. ಸಭೆಯಲ್ಲಿದ್ದ ವಿದ್ಯಾರ್ಥಿಗಳು ನೆಲಕ್ಕೆ ಕಾಲುಜ್ಜಿ ಅಸಮ್ಮತಿ ಸೂಚಿಸಿದರು.

ಮೆರವಣಿಗೆಯ ಸಂಖ್ಯೆಗಳಿಗಿಂತ ಬೇರೆ ಬಗೆಯ ಸಂಖ್ಯೆಗಳನ್ನು ಕಲೆಹಾಕಿದವರು ಎಮಿಲ್ ಯೂಲಿಯಸ್ ಗುಂಬೆಲ್. ಮ್ಯೂನಿಕ್‌ನಲ್ಲಿ 1891ರಲ್ಲಿ ಹುಟ್ಟಿದ ಈ ಗಣಿತಜ್ಞ 1921ರಲ್ಲಿ ಎರಡು ವರ್ಷಗಳ ರಾಜಕೀಯ ಕೊಲೆಗಳ ಪಟ್ಟಿಯನ್ನೂ 1922ರಲ್ಲಿ ಅದನ್ನು ವಿಸ್ತರಿಸಿ ನಾಲ್ಕು ವರ್ಷಗಳ ಪಟ್ಟಿಯನ್ನೂ ಪ್ರಕಟಿಸಿದರು. ಅವರ ಲೆಕ್ಕದಂತೆ ಬಲಪಂಥೀಯರು ಎಸಗಿದ ಕೊಲೆಗಳು 354, ಎಡಪಂಥೀಯರವು 22. ಬಲಪಂಥೀಯರ 354ರಲ್ಲಿ 326ಕ್ಕೆ ಶಿಕ್ಷೆಯೇ ಆಗಿರಲಿಲ್ಲ. ಎಡಪಂಥೀಯರ 22ರಲ್ಲಿ ಹಾಗೆ ಉಳಿದವು ನಾಲ್ಕು ಮಾತ್ರ. ಎಡಪಂಥೀಯರಲ್ಲಿ ಹತ್ತು ಮಂದಿಯನ್ನು ಗಲ್ಲಿಗೇರಿಸಲಾಗಿತ್ತು ಅಥವಾ ಗುಂಡಿಟ್ಟು ಕೊಲ್ಲಲಾಗಿತ್ತು, ಬಲಪಂಥೀಯರಲ್ಲಿ ಒಬ್ಬನನ್ನೂ ಅಲ್ಲ. ಪ್ರತಿ ಕೊಲೆಗೆ ಸರಾಸರಿ ಸೆರೆವಾಸ ಬಲಪಂಥೀಯರಿಗೆ ನಾಲ್ಕು ತಿಂಗಳು, ಎಡಪಂಥೀಯರಿಗೆ ಹದಿನೈದು ವರ್ಷ. ಅವರು ವಾದ ಹೂಡಲಿಲ್ಲ. ಹೆಸರು, ಸ್ಥಳ, ದಿನಾಂಕ, ತೀರ್ಪು ಇಷ್ಟನ್ನೇ ಸಾಲಾಗಿ ಇಟ್ಟರು. ತಮ್ಮ ಮಾತು ಸುಳ್ಳಾಗಿದ್ದರೆ ಮೊಕದ್ದಮೆ ಹೂಡಿ ಎಂಬ ಧೋರಣೆ ಅವರದು. ನ್ಯಾಯಸಚಿವ ಗುಸ್ಟಾವ್ ರಾಡ್‌ಬ್ರೂಖ್ ವಿಚಾರಣೆ ನಡೆಸಿದಾಗ ಮುಖ್ಯಾಂಶಗಳು ದೃಢಪಟ್ಟವು. ಆದರೆ ಸಚಿವಾಲಯದ ವರದಿ ಮುದ್ರಣವಾಗದೆ ಉಳಿಯಿತು. ಅದನ್ನೂ 1924ರಲ್ಲಿ ಗುಂಬೆಲ್ ಅವರೇ ಪ್ರಕಟಿಸಬೇಕಾಯಿತು. 1932ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯ ಅವರ ಬೋಧನಾಧಿಕಾರವನ್ನು ಕಿತ್ತುಕೊಂಡಿತು. ಗುಂಬೆಲ್ ಎಂಬ ಹೆಸರು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜಲವಿಜ್ಞಾನ ಓದಿದವರಿಗೆ ಚಿರಪರಿಚಿತ. ನದಿಯ ಮಹಾಪೂರಗಳನ್ನು ಅಂದಾಜು ಮಾಡಲು ಅಣೆಕಟ್ಟಿನ ಲೆಕ್ಕಗಳಲ್ಲಿ ಬಳಸುವ ‘ಗುಂಬೆಲ್ ವಿಧಾನ’ ಇದೇ ವ್ಯಕ್ತಿಯದು. ಆ ವಿಧಾನವನ್ನು ಕಲಿತವರಲ್ಲಿ ಎಷ್ಟು ಮಂದಿಗೆ ಅವರ ಮೊದಲ ಪಟ್ಟಿಯ ವಿಷಯ ತಿಳಿದಿರಬಹುದೋ ಹೇಳಲಾಗದು.

ಶೋಕದ ನೇರ ಫಲವಾಗಿ ಬಂದದ್ದು ಗಣರಾಜ್ಯ ಸಂರಕ್ಷಣಾ ಕಾಯಿದೆ. ಜೂನ್ 26 ಮತ್ತು 29ರ ತುರ್ತು ಆಜ್ಞೆಗಳ ಬೆನ್ನಲ್ಲೇ ಜುಲೈ 18ರಂದು ರೈಖ್‌ಸ್ಟಾಗ್ 303ಕ್ಕೆ 102 ಮತಗಳಿಂದ ಅದನ್ನು ಅಂಗೀಕರಿಸಿತು. ಕೊಲೆಗಾರ ಕೂಟಗಳಿಗೆ ಸೇರುವುದು, ಗಣರಾಜ್ಯವನ್ನೂ ಅದರ ಬಾವುಟವನ್ನೂ ಅವಮಾನಿಸುವುದು ಅಪರಾಧವಾದವು. ಇಂಥ ಮೊಕದ್ದಮೆಗಳಿಗಾಗಿ ಲೈಪ್‌ಜಿಗ್‌ನಲ್ಲಿ ವಿಶೇಷ ನ್ಯಾಯಾಲಯ ಸ್ಥಾಪಿತವಾಯಿತು. ಬವೇರಿಯಾ ಸರ್ಕಾರ ಜುಲೈ 24ರಂದು ತನ್ನದೇ ಆಜ್ಞೆಯನ್ನು ಹೊರಡಿಸಿ ಈ ಕಾಯಿದೆಯನ್ನು ಬದಿಗೆ ಸರಿಸಿತು, ಆಗಸ್ಟ್‌ನಲ್ಲಿ ರಾಜಿಯಾಯಿತು. ಪ್ರಷ್ಯದಲ್ಲಿ ನವೆಂಬರ್ ತಿಂಗಳಲ್ಲಿ ಹಿಟ್ಲರನ ಪಕ್ಷವನ್ನು ನಿಷೇಧಿಸಿದ್ದು ಇದೇ ಕಾಯಿದೆಯ ಬಲದಿಂದ. ಆದ್ದರಿಂದ ಅದು ನಿಷ್ಫಲವಾಗಿತ್ತೆಂದು ಹೇಳುವಂತಿಲ್ಲ. ಆದರೆ ಕಾಯಿದೆ ಹೊಸದು, ನ್ಯಾಯಾಧೀಶರು ಹಳಬರು. ಚಕ್ರವರ್ತಿಯ ಕಾಲದಲ್ಲಿ ನೇಮಕಗೊಂಡವರನ್ನು 1918ರ ನಂತರವೂ ಸ್ಥಾನಗಳಲ್ಲಿ ಉಳಿಸಿಕೊಳ್ಳಲಾಗಿತ್ತು. ‘ಯಹೂದಿ ಗಣರಾಜ್ಯ’ ಎಂಬ ಬೈಗುಳ ಗಣರಾಜ್ಯಕ್ಕೆ ಅವಮಾನವಾಗಲೇಬೇಕೆಂದಿಲ್ಲ ಎನ್ನುವ ತೀರ್ಪುಗಳು ಬಂದವು. ಕಮ್ಯುನಿಸ್ಟರ ಮೇಲೆ ಮಾತ್ರ ಅದೇ ಕಾಯಿದೆ ಚುರುಕಾಗಿ ಪ್ರಯೋಗವಾಯಿತು.

ಇದರ ಪರಾಕಾಷ್ಠೆ 1924ರ ವಸಂತದಲ್ಲಿ ಮ್ಯೂನಿಕ್‌ನಲ್ಲಿ ಕಂಡಿತು. 1923ರ ನವೆಂಬರ್ 8 ಮತ್ತು 9ರಂದು ಕ್ಷಿಪ್ರಕ್ರಾಂತಿಗೆ ಯತ್ನಿಸಿದ ಹಿಟ್ಲರನ ವಿಚಾರಣೆ ಲೈಪ್‌ಜಿಗ್‌ನ ವಿಶೇಷ ನ್ಯಾಯಾಲಯದಲ್ಲಿ ನಡೆಯಬೇಕಾಗಿತ್ತು. ಬವೇರಿಯಾ ಅದನ್ನು ತನ್ನ ಜನತಾ ನ್ಯಾಯಾಲಯದಲ್ಲೇ ಇರಿಸಿಕೊಂಡಿತು. ಸಂರಕ್ಷಣಾ ಕಾಯಿದೆಯ 9ನೆಯ ಕಲಮಿನ ಪ್ರಕಾರ ರಾಜದ್ರೋಹದ ಅಪರಾಧಿ ವಿದೇಶಿಯನಾಗಿದ್ದರೆ ಅವನನ್ನು ದೇಶದಿಂದ ಹೊರಹಾಕಬೇಕಾಗಿತ್ತು. ಹಿಟ್ಲರ್ ಆಗ ಆಸ್ಟ್ರಿಯದ ಪ್ರಜೆ. ಏಪ್ರಿಲ್ 1ರ ತೀರ್ಪಿನಲ್ಲಿ ನ್ಯಾಯಾಲಯ, ಜರ್ಮನನಂತೆಯೇ ಚಿಂತಿಸುವ, ಜರ್ಮನ್ ಸೈನ್ಯದಲ್ಲಿ ಹೋರಾಡಿದ ಇಂಥವನಿಗೆ ಈ ಕಲಮು ಅನ್ವಯಿಸದು ಎಂದು ಹೇಳಿ, ಕನಿಷ್ಠ ಶಿಕ್ಷೆಯಾದ ಐದು ವರ್ಷಗಳ ಕೋಟೆವಾಸವನ್ನು ವಿಧಿಸಿತು. ಆರು ತಿಂಗಳ ನಂತರ ಷರತ್ತಿನ ಬಿಡುಗಡೆಯ ಭರವಸೆಯನ್ನೂ ನೀಡಿತು. ಅಧ್ಯಕ್ಷತೆ ವಹಿಸಿದ್ದವರು ನ್ಯಾಯಾಧೀಶ ನೈಟ್‌ಹಾರ್ಟ್. ರಾಥೆನೌಗಾಗಿ ಅತ್ತ ಲಕ್ಷಾಂತರ ಜನರ ಕಣ್ಣೀರು ಕಾನೂನಿನ ಪುಟದಲ್ಲಿ ಒಂದು ಕಲಮಾಗಿ ನೆಲೆಗೊಂಡಿತ್ತು. ಅದನ್ನು ಓದಬೇಕಾದವರು ಓದಲಿಲ್ಲ. ಹಿಟ್ಲರ್ ಗಡೀಪಾರಾಗಿದ್ದರೆ ಇತಿಹಾಸ ಬೇರೆಯಾಗುತ್ತಿತ್ತೇ ಎಂಬ ಊಹೆಗೆ ಇಳಿಯುವುದು ನಮ್ಮ ಕೆಲಸವಲ್ಲ. ಸಾರ್ವಜನಿಕ ಆಕ್ರೋಶ ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು ಎಂಬ ಗಡಿಗೆರೆಯನ್ನು ಆ ದಿನ, ಆ ಕೊಠಡಿಯಲ್ಲಿ ಗುರುತಿಸಬಹುದೆಂಬುದಷ್ಟೇ ಇಲ್ಲಿಯ ಪ್ರತಿಪಾದನೆ.

ಮುಂದಿನದನ್ನು ಕಲ್ಲುಗಳು ಹೇಳುತ್ತವೆ. 1933ರ ಜುಲೈ 17ರಂದು, ಕೆರ್ನ್ ಮತ್ತು ಫಿಷರ್ ಸತ್ತ ಹನ್ನೊಂದನೆಯ ವರ್ಷದಂದು, ಸಾಲೆಕ್‌ನಲ್ಲಿ ಅವರ ಸ್ಮರಣೆಯ ಸಮಾರಂಭ ನಡೆಯಿತು. ಹೈನ್ರಿಷ್ ಹಿಮ್ಲರ್, ಎರ್ನ್ಸ್ಟ್ ರ್ಯೋಮ್ ಅದರಲ್ಲಿ ಭಾಗವಹಿಸಿದರು. ಆ ವರ್ಷವೇ ಗೋರಿಯ ಮೇಲೆ ಕಲ್ಲೂ ನಿಂತಿತು. ಕ್ಯೋನಿಗ್ಸ್ ಆಲೇಯ ತಿರುವಿನಲ್ಲಿ ರಾಥೆನೌ ಸ್ಮಾರಕಶಿಲೆ ಬಂದದ್ದು ಯುದ್ಧ ಮುಗಿದು ನಾಜಿ ಆಡಳಿತ ಅಳಿದ ಮೇಲೆ, 1946ರಲ್ಲಿ. ಸಾಲೆಕ್‌ನ ಹಂತಕರ ಗೋರಿಗಲ್ಲನ್ನು ತೆಗೆಸಿದ್ದು 2000ದಲ್ಲಿ.

ಎರ್ಜ್‌ಬೆರ್ಗರ್ ಅವರ ಹಂತಕ ಟಿಲ್ಲೆಸನ್‌ನ ಮೊಕದ್ದಮೆ ನಡೆದದ್ದು ಕೊಲೆಯ ಇಪ್ಪತ್ತೈದು ವರ್ಷಗಳ ನಂತರ, ಫ್ರೆಂಚ್ ಆಡಳಿತದಲ್ಲಿದ್ದ ನೈಋತ್ಯ ಜರ್ಮನಿಯಲ್ಲಿ. 1946ರ ನವೆಂಬರ್‌ನಲ್ಲಿ ಜರ್ಮನ್ ನ್ಯಾಯಾಲಯ ಅವನನ್ನು ಬಿಟ್ಟುಬಿಟ್ಟಿತು. ‘ರಾಷ್ಟ್ರೀಯ ಪುನರುತ್ಥಾನ’ಕ್ಕಾಗಿ ಎಸಗಿದ ಅಪರಾಧಗಳಿಗೆ 1933ರ ಮಾರ್ಚ್ 21ರಂದು ಹಿಟ್ಲರ್ ಸರ್ಕಾರ ನೀಡಿದ್ದ ಕ್ಷಮಾದಾನ ಇನ್ನೂ ಊರ್ಜಿತವಾಗಿದೆ ಎಂಬುದು ಅದರ ಆಧಾರ. ಈ ಬಾರಿ ಪ್ರತಿಭಟನೆ ಎದ್ದಿತು, ಫ್ರೆಂಚ್ ನ್ಯಾಯಮಂಡಲಿ 1947ರ ಜನವರಿಯಲ್ಲಿ ತೀರ್ಪನ್ನು ರದ್ದುಪಡಿಸಿತು. ಮುಂದಿನ ತಿಂಗಳು ಕೊನ್‌ಸ್ಟಾನ್ಸ್ ನಗರದ ನ್ಯಾಯಾಲಯ ಟಿಲ್ಲೆಸನ್‌ಗೆ ಹದಿನೈದು ವರ್ಷಗಳ ಶಿಕ್ಷೆ ವಿಧಿಸಿತು. ಶುಲ್ಜ್‌ಗೆ 1950ರಲ್ಲಿ ಹನ್ನೆರಡು ವರ್ಷಗಳಾದವು. ಇಬ್ಬರೂ 1952ರಲ್ಲಿ ಹೊರಬಂದರು.